ಫಾರ್ ಆದಮೇಲೆ ಬರೋದು

ಹುಲಿಯೂರುದುರ್ಗ
8-7-2024

ಪೂಜ್ಯ ವಾದಿರಾಜ ಮೇಷ್ಟ್ರಿಗೆ ಕಾಂತೇಶ ಮಾಡುವ ನಮಸ್ಕಾರಗಳು.

ನಿಮಗೆ ನನ್ನ ನೆನಪು ಇರಲಾರದು. ತೊಂಬತ್ತಾರನೇ ಇಸವಿಯಲ್ಲಿ ಇಲ್ಲಿನ ಹೈಸ್ಕೂಲಲ್ಲಿ ನಿಮ್ಮ ಹತ್ತಿರ ಇಂಗ್ಲಿಷ್ ಕಲಿತವನು. ಮಾರ್ಕೋನಹಳ್ಳಿಯ ರೇವಮ್ಮನ ಮಗ, ಹಾಸ್ಟೆಲಲ್ಲಿದ್ದೆ. ಈಗ ಇಲ್ಲೇ ಹಾಲಿನ ಡೈರಿಯಲ್ಲಿ ಸೆಕ್ರೆಟರಿ. ನಮ್ಮ ಮನೆಯವರು ಮಂಜುಶ್ರೀ ಅಂತ, ಪ್ರೈವೇಟ್ ಸ್ಕೂಲಲ್ಲಿ ಟೀಚರು. ಒಬ್ಬಳೇ ಮಗಳು ಪಲ್ಲವಿ, ಕುಣಿಗಲ್‌ನಲ್ಲಿ ಹಾಸ್ಟೆಲಲ್ಲಿದ್ದುಕೊಂಡು ಪಿಯುಸಿ ಓದ್ತಿದಾಳೆ.

ನಿಮ್ಮ ಫೋನಿಗೆ ನಾಲ್ಕೈದು ಸಲ ಮಾಡಿದೆ, ಎತ್ತಲಿಲ್ಲ. ಅದಕ್ಕೇ ಈ ಕಾಗದ.

ಒಂದು ಗ್ರಾಮರ್ ಅನುಮಾನ ಇದೆ. ಇಂಗ್ಲಿಷಿನಲ್ಲಿ 'ವಾಸ್' ಅಂತ ಬಂದು, ಆಮೇಲೆ ಒಂದು ಕ್ರಿಯಾಪದ ಬಂದು, ಅದಾದಮೇಲೆ 'ಫಾರ್' ಅಂತ ಬಂದು, ಅದರ ಮುಂದೆ ಒಂದು ಹೆಸರು ಬಂದರೆ, ಆ ಹೆಸರಿನದು ಇದೆ ಅಂತ ಅರ್ಥವೋ, ಇಲ್ಲ ಅಂತ ಅರ್ಥವೋ?

ದಯವಿಟ್ಟು ಬೇಗ ತಿಳಿಸಬೇಕು.

ನಿಮ್ಮ ವಿದ್ಯಾರ್ಥಿ
ಕಾಂತೇಶ

*

ತುಮಕೂರು
12-7-2024

ಚಿ. ಕಾಂತೇಶನಿಗೆ ಆಶೀರ್ವಾದಗಳು.

ನಿನ್ನ ನೆನಪಿದೆ. ಹಿಂದಿನ ಬೆಂಚು. ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ತಲೆ ಬಗ್ಗಿಸಿ ಕೂರುತ್ತಿದ್ದೆ.

ಇಪ್ಪತ್ತೆಂಟು ವರ್ಷ ಆದಮೇಲೆ ಒಂದು ಕಾಗದ ಬರೆದಿದ್ದೀಯ, ಅದರಲ್ಲೂ ವಾಕ್ಯ ಪೂರ್ತಿ ಬರೆದಿಲ್ಲ. 'ಒಂದು ಕ್ರಿಯಾಪದ', 'ಒಂದು ಹೆಸರು' ಅಂದರೆ ನಾನು ಏನಂತ ಹೇಳಲಿ? ಅಂಗಡಿಗೆ ಹೋಗಿ 'ಒಂದು ಸಾಮಾನು ಕೊಡಿ' ಅಂತ ಕೇಳುತ್ತೀಯಾ? ಮಗಳ ಹೋಂವರ್ಕ್ ಇರಬೇಕು. ಆ ಮಗುವಿಗಾದರೂ ವಾಕ್ಯ ನೆಟ್ಟಗೆ ಇಳಿಸಿಕೊಳ್ಳುವುದನ್ನು ಕಲಿಸು.

ಆದರೂ ಹೇಳುತ್ತೇನೆ. ನೀನು ಕೇಳಿರುವುದು ಪ್ಯಾಸಿವ್ ವಾಯ್ಸ್, ಭೂತಕಾಲ. 'ಫಾರ್' ಅಂದರೆ ಕಾರಣ. 'ವಾಸ್ ಪನಿಷ್ಡ್ ಫಾರ್ ಥೆಫ್ಟ್', ಕದ್ದಿದ್ದ, ಅದಕ್ಕೇ ಶಿಕ್ಷೆ ಆಯಿತು. 'ವಾಸ್ ಟ್ರೀಟೆಡ್ ಫಾರ್ ಮಲೇರಿಯಾ', ಮಲೇರಿಯಾ ಬಂದಿತ್ತು, ಅದಕ್ಕೇ ಔಷಧಿ ಕೊಟ್ಟರು. ಕದಿಯದೇ ಇದ್ದವನಿಗೆ ಶಿಕ್ಷೆ ಯಾಕೆ, ಕಾಯಿಲೆ ಇಲ್ಲದವನಿಗೆ ಔಷಧಿ ಯಾಕೆ? ಆದ್ದರಿಂದ ಫಾರ್ ಆದಮೇಲೆ ಬರೋದು ಮೊದಲೇ ಇರುತ್ತದೆ. ಮೂವತ್ತು ವರ್ಷ ಹೀಗೇ ಪಾಠ ಮಾಡಿದ್ದೇನೆ.

ಇನ್ನೊಂದು ಮಾತು. ಪದೇ ಪದೇ ಫೋನ್ ಮಾಡಬೇಡ. ವ್ಯಾಕರಣವನ್ನು ಫೋನಿನಲ್ಲಿ ಕಲಿಯುವುದಕ್ಕೆ ಆಗುವುದಿಲ್ಲ. ಬರೆದು ಕೇಳು, ಬರೆದು ಹೇಳುತ್ತೇನೆ.

ವಾದಿರಾಜ

*

ಹುಲಿಯೂರುದುರ್ಗ
17-7-2024

ಪೂಜ್ಯ ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಡೈರಿಯಲ್ಲಿ ಹಾಲು ಅಳೆಯುವುದು ಮುಗಿದು ಎಲ್ಲರೂ ಹೋದಮೇಲೆ ಮೂರು ಸಲ ಓದಿದೆ. ಈಗ ಅನುಮಾನ ಏನೂ ಉಳಿದಿಲ್ಲ. ಉಳಿದಿದ್ದರೆ ಚೆನ್ನಾಗಿತ್ತು.

ಇನ್ನೊಂದು ಸಹಾಯ ಬೇಕು. ನಮಗೆ ಬೇಕಾದವರೊಬ್ಬರಿಗೆ ದೂರದ ಊರಲ್ಲಿ ಒಂದು ಹುದ್ದೆ ಕೊಡ್ತೀವಿ ಅಂತ ಕಾಗದ ಬಂದಿದೆ. ಮನೆಯ ಪರಿಸ್ಥಿತಿಯಿಂದ ಅವರು ಹೋಗುವ ಹಾಗಿಲ್ಲ. ಬೇಡ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದುಕೊಡಿ. ಯಾರು ಬೇಡ ಅಂದರು ಅಂತ ಎದ್ದು ಕಾಣಬಾರದು. ಕೊಟ್ಟವರಿಗೂ ಬೇಜಾರಾಗಬಾರದು.

ಹೊತ್ತಲ್ಲದ ಹೊತ್ತಲ್ಲಿ ಫೋನ್ ಮಾಡಿದ್ದಕ್ಕೆ ಕ್ಷಮಿಸಿ. ನಿಮಗೆ ನನ್ನ ಮೇಲೆ ಸಿಟ್ಟಿದ್ದರೆ ಅದೂ ಸರಿಯೇ.

ಕಾಂತೇಶ

*

ತುಮಕೂರು
20-7-2024

ಚಿ. ಕಾಂತೇಶ,

ಸಿಟ್ಟು ಯಾಕೆ ಬರುತ್ತದೆ? ಪೂರ್ತಿ ವಾಕ್ಯ ಬರೆಯದವರ ಮೇಲೆ ಬರುತ್ತದೆ, ಅಷ್ಟೇ. ಈ ಸಲ ಕೊಂಚ ಪರವಾಗಿಲ್ಲ. ಏನು ಬೇಕು ಅಂತ ತಿಳಿಯಿತು.

ಹೀಗೆ ಬರೆಸು: 'ದಿ ಆಫರ್ ವಾಸ್ ರಿಸೀವ್ಡ್ ವಿತ್ ಗ್ರಾಟಿಟ್ಯೂಡ್ ಅಂಡ್ ಈಸ್ ಡಿಕ್ಲೈನ್ಡ್ ಫಾರ್ ಫ್ಯಾಮಿಲಿ ರೀಸನ್ಸ್.' ಕೃತಜ್ಞತೆಯಿಂದ ಪಡೆಯಲಾಯಿತು, ಮನೆಯ ಕಾರಣಗಳಿಗಾಗಿ ನಿರಾಕರಿಸಲಾಗಿದೆ. ಮರ್ಯಾದೆಯ ವಾಕ್ಯ. ನಾನು ಅಂತಲೂ ಇಲ್ಲ, ನೀನು ಅಂತಲೂ ಇಲ್ಲ. ಇಂಗ್ಲಿಷಿನವರು ಇಂಥದ್ದರಲ್ಲಿ ಗಟ್ಟಿಗರು.

ಫಾರ್ ಬಗ್ಗೆ ಅನುಮಾನ ಉಳಿದಿಲ್ಲ ಅಂತ ಬರೆದಿದ್ದೀಯ. ಅದನ್ನು ನಾನು ನಂಬುವುದಿಲ್ಲ. ಜೊತೆಗಿರುವ ಹಾಳೆಯಲ್ಲಿ ಹತ್ತು ವಾಕ್ಯ ಕೊಟ್ಟಿದ್ದೇನೆ. ಕನ್ನಡಕ್ಕೆ ಅನುವಾದ ಮಾಡಿ ಕಳಿಸು. ಮಗಳ ಕೈಲಿ ಮಾಡಿಸಬೇಡ, ನೀನೇ ಮಾಡು.

ವಾದಿರಾಜ

*

ತುಮಕೂರು
19-8-2024

ಕಾಂತೇಶ,

ಒಂದು ತಿಂಗಳಾಯಿತು. ಹತ್ತು ವಾಕ್ಯ ಹೋಗಲಿ, ಒಂದು ಕಾರ್ಡೂ ಇಲ್ಲ. ಕೆಲಸ ಆಯಿತು, ಮೇಷ್ಟ್ರು ಸಾಕು ಅಂತ ತಾನೇ? ನಾನೇನು ನಿನ್ನನ್ನು ಹುಡುಕಿಕೊಂಡು ಬಂದಿರಲಿಲ್ಲ. ದಿನಾ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ನಾನು ಗೇಟಿನ ಹತ್ತಿರ ನಿಲ್ಲುವುದನ್ನು ನೋಡಿ ಮನೆಯವರು ನಗುತ್ತಾರೆ.

ನಿನಗೆ ಇನ್ನು ಬರೆಯುವುದಿಲ್ಲ.

ವಾದಿರಾಜ

*

ಹುಲಿಯೂರುದುರ್ಗ
26-8-2024

ವಾದಿರಾಜ ಮೇಷ್ಟ್ರಿಗೆ ನಮಸ್ಕಾರ.

ನಾನು ಕಾಂತೇಶ್ ಅವರ ಹೆಂಡತಿ ಮಂಜುಶ್ರೀ. ನೀವು ನನ್ನನ್ನು ನೋಡಿಲ್ಲ. ಇವರ ಸ್ಕೂಟರ್ ಡಿಕ್ಕಿಯಲ್ಲಿ ನಿಮ್ಮ ಮೂರು ಕಾಗದ ಸಿಕ್ಕಿದವು. ಓದಬಾರದಿತ್ತೇನೋ, ಓದಿದೆ. ಅವುಗಳ ಜೊತೆ ನನ್ನದೇ ಆಸ್ಪತ್ರೆ ಹಾಳೆ ಮಡಚಿಟ್ಟಿದ್ರು. ಅದಕ್ಕೇ ನಿಮಗೆ ಬರೀತಿದೀನಿ. ನಿಮ್ಮ ಮೇಲೂ ನನಗೆ ಸಿಟ್ಟಿದೆ, ಅದನ್ನು ಮೊದಲೇ ಹೇಳಿಬಿಡ್ತೀನಿ.

ಜೂನ್ ತಿಂಗಳಲ್ಲಿ ನನ್ನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸ್ತು. ತುಮಕೂರಿಗೆ ಹೋಗಿ ಸೂಜಿ ಹಾಕಿಸಿ ಟೆಸ್ಟ್ ಮಾಡಿಸಿದ್ವಿ. ರಿಪೋರ್ಟ್ ಬಂದ ದಿನ ಇವರು ಔಷಧಿ ಅಂಗಡಿಗೆ ಹೋಗಿದ್ದಾಗ ನರ್ಸು ನನಗೆ 'ಏನೂ ಇಲ್ಲಮ್ಮ, ನೀರಿನ ಗಂಟು' ಅಂದ್ಲು. ಬಸ್ಸಲ್ಲಿ ಇವರಿಗೆ ಹೇಳಿದೆ. ಹೂಂ ಅಂದ್ರು. ಆಮೇಲೆ ನಾನು ಅದನ್ನು ಮರೆತೇಬಿಟ್ಟೆ.

ಜುಲೈಯಿಂದ ಇವರು ಬೇರೆ ಮನುಷ್ಯ ಆಗಿಬಿಟ್ಟವ್ರೆ. ಬಿಂದಿಗೆ ಎತ್ತಕ್ಕೆ ಬಿಡಲ್ಲ. ಮಾರ್ಕೋನಹಳ್ಳಿಯಿಂದ ಅತ್ತೇನ ಕರ್ಕೊಂಡು ಬಂದು ಅಡುಗೆಗೆ ನಿಲ್ಲಿಸಿದ್ರು. ಅತ್ತೆ ನನ್ನ ಮುಖ ನೋಡಿದಾಗಲೆಲ್ಲ ಸೆರಗಲ್ಲಿ ಕಣ್ಣು ಒರೆಸ್ಕೋತಾರೆ. ಯಾಕತ್ತೆ ಅಂದ್ರೆ 'ಈರುಳ್ಳಿ ಕಣವ್ವ' ಅಂತಾರೆ. ಮುದ್ದೆ ತಿರುವೋವಾಗ ಎಲ್ಲಿಂದ ಬಂತು ಈರುಳ್ಳಿ? ಹದಿನೈದು ದಿನದ ಹಿಂದೆ ಪಲ್ಲವೀನ ಕರೆಸಿ ಮೂರೂ ಜನ ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಕೊಳ್ಳಣ ಅಂದ್ರು. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಇಂಥ ಆಸೆ ಇರಲಿಲ್ಲ ಈ ಮನುಷ್ಯನಿಗೆ.

ಇದೆಲ್ಲ ಬುಡಿ. ನಮ್ಮ ಸ್ಕೂಲು ನಡೆಸೋ ಟ್ರಸ್ಟ್‌ನವರು ಗುಬ್ಬಿ ತಾಲ್ಲೂಕು ಸಿ.ಎಸ್. ಪುರದಲ್ಲಿ ಹೊಸ ಶಾಲೆ ಮಾಡವ್ರೆ. ಅಲ್ಲಿಗೆ ಎಚ್.ಎಂ. ಮಾಡಕ್ಕೆ ಮೇ ತಿಂಗಳಲ್ಲಿ ನನಗೆ ಇಂಟರ್‌ವ್ಯೂ ಆಗಿತ್ತು. ಹದಿನಾಲ್ಕು ವರ್ಷದ ಸರ್ವೀಸಲ್ಲಿ ನಾನು ಬಾಯಿ ಬಿಟ್ಟು ಕೇಳಿದ್ದು ಅದೊಂದೇ. ಕಾಗದ ಬರುತ್ತೆ ಅಂತ ಕಾಯ್ತಾ ಇದ್ದೆ. ಮೊನ್ನೆ ಆಫೀಸಿಗೇ ಹೋಗಿ ಕೇಳಿದೆ. ಗುಮಾಸ್ತ ಸಿದ್ದಗಂಗಯ್ಯ ಫೈಲ್ ತೆಗೆದು, 'ನೀವೇ ಬೇಡ ಅಂತ ಬರೆದಿದೀರಲ್ಲ ಮೇಡಂ, ಒಳ್ಳೆ ಇಂಗ್ಲಿಷಲ್ಲಿ' ಅಂದ್ರು. ಕೆಳಗೆ ನನ್ನ ಸಹಿ. ನನ್ನ ಸಹಿ ಹಂಗಿರಲ್ಲ. ಮೇಲಿನ ಇಂಗ್ಲಿಷ್ ಯಾರದು ಅಂತ ಇವತ್ತು ನಿಮ್ಮ ಕಾಗದದಲ್ಲಿ ಸಿಕ್ತು.

ಇವರನ್ನು ಇನ್ನೂ ಕೇಳಿಲ್ಲ. ಕೇಳೋಕೆ ಮುಂಚೆ ನನಗೆ ಒಂದು ಗೊತ್ತಾಗಬೇಕು. ಆಸ್ಪತ್ರೆ ಹಾಳೆ ಎರಡನ್ನೂ ಜೆರಾಕ್ಸ್ ಮಾಡಿಸಿ ಇದರ ಜೊತೆ ಇಟ್ಟಿದೀನಿ. ಪೂರ್ತಿ ವಾಕ್ಯ ಬೇಕು ಅಂತೀರಲ್ಲ, ಪೂರ್ತಿ ಇದೆ. ನರ್ಸು ಹೇಳಿದ್ದು ನಿಜವೋ, ಈ ಮನೆಯಲ್ಲಿ ಎಲ್ಲರೂ ಅಳ್ತಿರೋದು ನಿಜವೋ? ಬೆಳಗ್ಗೆಯಿಂದ ಕನ್ನಡಿ ಮುಂದೆ ನಿಂತು ಕುತ್ತಿಗೆ ಮುಟ್ಟಿ ಮುಟ್ಟಿ ನೋಡ್ಕೋತಿದೀನಿ. ಏನಿದ್ದರೂ ನೇರವಾಗಿ ಬರೀರಿ. ಸ್ಕೂಲ್ ವಿಳಾಸಕ್ಕೆ ಬರೀರಿ.

ಮಂಜುಶ್ರೀ

*

ತುಮಕೂರು
29-8-2024
ಸ್ಪೀಡ್ ಪೋಸ್ಟ್

ಮಂಜುಶ್ರೀ ಅವರಿಗೆ,

ಮೊದಲು ವಿಷಯ. ನಿಮಗೆ ಏನೂ ಇಲ್ಲ. ನರ್ಸು ಹೇಳಿದ್ದು ನಿಜ. ಇದನ್ನು ನಾನೊಬ್ಬನೇ ಹೇಳುತ್ತಿಲ್ಲ. ನಮ್ಮ ಸೊಸೆ ಅಪರ್ಣ ಡಾಕ್ಟರು. ಎರಡೂ ಹಾಳೆಗಳನ್ನು ಎರಡು ಸಲ ಓದಿ, 'ಕ್ಯಾನ್ಸರ್ ಇಲ್ಲ, ಆರು ತಿಂಗಳಿಗೊಮ್ಮೆ ತೋರಿಸಿದರೆ ಸಾಕು' ಅಂತ ಚೀಟಿಯ ಮೇಲೆ ಬರೆದುಕೊಟ್ಟಿದ್ದಾಳೆ. ಚೀಟಿ ಜೊತೆಗಿದೆ.

ಈಗ ನನ್ನ ತಪ್ಪು. ಮೊದಲ ಹಾಳೆಯ ಕೊನೆಯಲ್ಲಿ 'ಪೇಶೆಂಟ್ ವಾಸ್ ಇವ್ಯಾಲ್ಯುಯೇಟೆಡ್ ಫಾರ್ ಮ್ಯಾಲಿಗ್ನೆನ್ಸಿ' ಅಂತ ಇದೆ. ಮ್ಯಾಲಿಗ್ನೆನ್ಸಿ ಅಂದರೆ ಕ್ಯಾನ್ಸರು. ಇವ್ಯಾಲ್ಯುಯೇಟೆಡ್ ಫಾರ್ ಅಂದರೆ ಅದು ಇದೆಯೋ ಇಲ್ಲವೋ ಅಂತ ಹುಡುಕಿ ನೋಡಿದರು ಅಂತ. ಬಸ್‌ಸ್ಟ್ಯಾಂಡಿನಲ್ಲಿ ಪೊಲೀಸಿನವನು ಚಾಕು ಇದೆಯೇನೋ ಅಂತ ನಮ್ಮ ಚೀಲ ತಡಕಿದರೆ ಅದೂ 'ಸರ್ಚ್ಡ್ ಫಾರ್' ಚಾಕು. ಹಾಗಂತ ಚೀಲದಲ್ಲಿ ಚಾಕು ಇತ್ತೇ? ಎರಡನೇ ಹಾಳೆಯಲ್ಲಿ 'ಬಿನೈನ್' ಅಂತ ಇದೆ. ಅಪಾಯವಿಲ್ಲದ ಗಂಟು ಅಂತ ಅರ್ಥ.

ನಾನು ಕಾಂತೇಶನಿಗೆ ಶಿಕ್ಷೆ, ಔಷಧಿಯ ಉದಾಹರಣೆ ಕೊಟ್ಟು ಫಾರ್ ಆದಮೇಲೆ ಬರೋದು ಮೊದಲೇ ಇರುತ್ತದೆ ಅಂತ ಬರೆದೆ. ಹುಡುಕುವ ಕ್ರಿಯಾಪದಗಳು ಬಂದರೆ ಇರಬೇಕಾಗಿಲ್ಲ. ಇದು ನನಗೆ ಗೊತ್ತಿಲ್ಲದ್ದಲ್ಲ. ಕ್ರಿಯಾಪದ ಯಾವುದು ಅಂತ ತಿಳಿಯದೆ ಉತ್ತರ ಹೇಳಬಾರದಿತ್ತು. ವಾಕ್ಯ ಪೂರ್ತಿ ಬರಿ ಅಂತ ಬೈದವನು ನಾನೇ, ಪೂರ್ತಿ ಬರುವ ಮುಂಚೆ ಉತ್ತರ ಕೊಟ್ಟವನೂ ನಾನೇ. ಒಬ್ಬ ಹಳೆಯ ವಿದ್ಯಾರ್ಥಿ ನೆನಪಿಟ್ಟುಕೊಂಡು ಕೇಳಿದ ಅನ್ನುವ ಖುಷಿಯಲ್ಲಿ ಇಲ್ಲ ಅನ್ನಲಾಗಲಿಲ್ಲ.

ಆ ನಿರಾಕರಣೆಯ ಸಾಲು ನನ್ನದೇ. ಯಾರಿಗೆ ಅಂತ ತಿಳಿದಿರಲಿಲ್ಲ. ಕೇಳಲೂ ಇಲ್ಲ.

ಇನ್ನೊಂದು. ಕಾಂತೇಶ ಎಷ್ಟೋ ಸಲ ಫೋನ್ ಮಾಡಿದ. ಎತ್ತಿದ್ದರೆ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತೋ ಏನೋ. ನನ್ನ ಎರಡೂ ಕಿವಿ ಎರಡು ವರ್ಷದಿಂದ ಕೇಳುವುದಿಲ್ಲ. ಮಗ ತಂದುಕೊಟ್ಟ ಮಿಷನ್ನು ಡ್ರಾಯರಿನಲ್ಲಿದೆ. ವ್ಯಾಕರಣ ಫೋನಿನಲ್ಲಿ ಆಗುವುದಿಲ್ಲ ಅಂತ ಬರೆದದ್ದು ಸುಳ್ಳು. ಹೊರಗಿನವರು ಯಾರಿಗೂ ಇದನ್ನು ಹೇಳಿಲ್ಲ.

ಕಾಗದವನ್ನು ಕಾಂತೇಶನ ಮುಂದೆ ಓದಿ.

ವಾದಿರಾಜ

*

ಹುಲಿಯೂರುದುರ್ಗ
4-9-2024

ಪೂಜ್ಯ ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ನಮ್ಮ ಮನೆಯವರು ಅಂಗಳದಲ್ಲಿ ನಿಂತು ನನಗೂ ನಮ್ಮವ್ವನಿಗೂ ಓದಿದರು. ನಮ್ಮವ್ವ ಅಲ್ಲೇ ಕುಸಿದು ಕೂತ್ಕೊಂಡು, ಅಳೋದೋ ನಗೋದೋ ಗೊತ್ತಾಗದೆ ನನ್ನ ಬೆನ್ನಿಗೆ ಒಂದು ಏಟು ಕೊಟ್ಟರು. 'ಏನ್ಲಾ, ಬದುಕಿರೋಳ್ನ ಎರಡು ತಿಂಗಳು ಸಾಯಿಸಿಟ್ಟಿದ್ಯಲ್ಲೋ' ಅಂದರು.

ನಡೆದದ್ದು ಹೇಳ್ತೀನಿ. ಡಾಕ್ಟರ ಮುಂದೆ ನಲವತ್ತು ಜನ ಇದ್ದರು. 'ಫೈಲಲ್ಲಿ ಎಲ್ಲ ಬರೆದಿದೆ, ಆರು ತಿಂಗಳು ಬಿಟ್ಟು ಬನ್ನಿ' ಅಂದರು. ಮನೆಗೆ ಬಂದು ಆ ಸಾಲನ್ನು ಫೋನಿಗೆ ಹಾಕಿ ಕನ್ನಡ ಮಾಡಿದೆ. 'ರೋಗಿಯನ್ನು ಮಾರಕತೆಗಾಗಿ ಮೌಲ್ಯಮಾಪನ ಮಾಡಲಾಯಿತು' ಅಂತ ಬಂತು. ನನಗೆ ಗೊತ್ತಿರೋ ಮೌಲ್ಯಮಾಪನ ಎಸ್ಸೆಸ್ಸೆಲ್ಸಿ ಪೇಪರಿನದು. ಬಿನೈನ್ ಅನ್ನೋದನ್ನ ಹಾಕಿದೆ, 'ಸೌಮ್ಯ' ಅಂತ ಬಂತು. ಕ್ಯಾನ್ಸರ್ ಈಗ ಸೌಮ್ಯವಾಗಿದೆ, ಆಮೇಲೆ ಜೋರಾಗುತ್ತೆ ಅಂದುಕೊಂಡೆ. ಆರು ತಿಂಗಳು ಅಂದದ್ದು ಇದಕ್ಕೇ ಅಂದುಕೊಂಡೆ. ಆ ಕಾಯಿಲೆ ಹೆಸರನ್ನು ಕಾಗದದಲ್ಲಿ ಬರೆಯೋಕೆ ಕೈ ಬರಲಿಲ್ಲ. ಅದಕ್ಕೇ ಒಂದು ಕ್ರಿಯಾಪದ, ಒಂದು ಹೆಸರು ಅಂತ ಬರೆದೆ.

ನಮ್ಮ ಮನೆಯವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

'ಏನೂ ಇಲ್ಲವಂತೆ ಅಂತ ಬಸ್ಸಲ್ಲೇ ಹೇಳಿದ್ನಲ್ಲ' ಅಂದರು.

'ರೋಗಿಗೆ ಯಾರು ನಿಜ ಹೇಳ್ತಾರೆ, ಮುಚ್ಚಿಟ್ಟವ್ರೆ ಅಂದ್ಕೊಂಡೆ' ಅಂದೆ.

'ಹಂಗಾದ್ರೆ ನಿಜ ಗೊತ್ತಿದ್ದ ನೀವು ನನಗೆ ಹೇಳ್ಬೇಕಿತ್ತು. ಸಾಯೋಳು ನಾನು ತಾನೇ?'

ಆಮೇಲೆ ಕೇಳಿದರು, 'ಸಿ.ಎಸ್. ಪುರದ ಕಾಗದ ಪೋಸ್ಟ್‌ಮ್ಯಾನ್ ನಿಮ್ಮ ಕೈಗೆ ಕೊಟ್ಟಾಗ ನನಗೆ ತೋರಿಸಿ, ನೀನು ಹೋಗಬೇಡ ಅನ್ನಬಹುದಿತ್ತಲ್ಲ. ಯಾಕನ್ನಲಿಲ್ಲ?'

'ಕೊನೇ ದಿನಗಳಲ್ಲಿ ನಿನಗೆ ಆಯಾಸ ಬೇಡ ಅಂತ' ಅಂದೆ. ಅವರು ನನ್ನನ್ನೇ ನೋಡಿದರು. ನಂಬಲಿಲ್ಲ.

ಮೇಷ್ಟ್ರೇ, ಅವರು ನಂಬದೇ ಇದ್ದದ್ದು ಸರಿ. ಅವರು ಎಚ್.ಎಂ. ಆಗಿ ಬೇರೆ ಊರಿಗೆ ಹೋಗೋದು ನನಗೆ ಮೇ ತಿಂಗಳಿಂದಲೇ ಇಷ್ಟ ಇರಲಿಲ್ಲ. ಡೈರಿಯಲ್ಲಿ ಜನ ಏನಂತಾರೋ, ಮನೆ ಯಾರು ನೋಡ್ತಾರೋ ಅಂತ. ಬಾಯಿ ಬಿಟ್ಟು ಬೇಡ ಅನ್ನೋ ಧೈರ್ಯವೂ ಇರಲಿಲ್ಲ. ನೀವು ಬರೆದುಕೊಟ್ಟ ಸಾಲನ್ನು ಇಳಿಸಿಕೊಂಡು ಅವರ ಹೆಸರು ಹಾಕುವಾಗ ಅಳು ಬರ್ತಾ ಇತ್ತು, ಅದು ನಿಜ. ಸಹಿ ಮುಗಿದ ಮೇಲೆ ಒಂದು ಗಳಿಗೆ ಸಮಾಧಾನವೂ ಆಯ್ತು. ಅದೂ ನಿಜ. ಹೆಂಡತಿ ಸಾಯ್ತಾಳೆ ಅಂತ ನಂಬಿಕೊಂಡು ಸಮಾಧಾನಪಟ್ಟ ಮನುಷ್ಯ ಎಂಥವನು ಅಂತ ಅವತ್ತಿಂದ ಯೋಚಿಸ್ತಾ ಇದೀನಿ.

ಇದನ್ನು ಅವರಿಗೆ ಹೇಳಿಲ್ಲ. ನಿಮಗೆ ಹೇಳ್ತಿದೀನಿ. ಏನು ಮಾಡಬೇಕು ಅಂತ ತಿಳಿಸಿ. ಟ್ರಸ್ಟ್‌ಗೆ ನೀವೇ ಒಂದು ಇಂಗ್ಲಿಷ್ ಕಾಗದ ಬರೆದುಕೊಟ್ಟರೆ ಉಪಕಾರವಾಗುತ್ತೆ. ತಪ್ಪಾಗಿ ಬರೆಯಲಾಗಿತ್ತು ಅನ್ನೋ ಥರ.

ಕಾಂತೇಶ

*

ತುಮಕೂರು
7-9-2024

ಕಾಂತೇಶ,

ಇಲ್ಲ. ಇನ್ನು ಒಂದು ಸಾಲೂ ಬರೆದುಕೊಡುವುದಿಲ್ಲ. 'ತಪ್ಪಾಗಿ ಬರೆಯಲಾಗಿತ್ತು' ಅಂತೆ. ಯಾರು ಬರೆದರು? ತಾನಾಗಿ ಬರೆದುಕೊಂಡಿತೇ? ಇಷ್ಟೆಲ್ಲ ಆದಮೇಲೂ ನಿನಗೆ ಇನ್ನೊಂದು ಪ್ಯಾಸಿವ್ ವಾಯ್ಸ್ ಬೇಕೇನಯ್ಯ?

ನೀನೇ ಆಫೀಸಿಗೆ ಹೋಗು. ಕನ್ನಡದಲ್ಲಿ ಹೇಳು. ಸಹಿ ಹಾಕಿದ್ದು ನಾನು, ನನ್ನ ಹೆಂಡತಿಗೆ ಗೊತ್ತಿರಲಿಲ್ಲ ಅಂತ ಹೇಳು. ಅವರು ಬೈದರೆ ಬೈಸಿಕೊ. ಪೊಲೀಸಿಗೆ ಕೊಡುತ್ತೇನೆ ಅಂದರೆ ಅದಕ್ಕೂ ತಯಾರಾಗಿ ಹೋಗು.

ಆ ಸಮಾಧಾನದ ವಿಷಯ ನನಗೆ ಹೇಳಿ ಏನು ಉಪಯೋಗ? ನಾನೇನು ನಿನ್ನ ಹೆಂಡತಿಯೇ? ನಿಮ್ಮಿಬ್ಬರ ಮಧ್ಯೆ ಅಡುಗೆಮನೆಯ ಬಾಗಿಲಷ್ಟು ದೂರ. ಅಲ್ಲಿಗೆ ಹೋಗಬೇಕಾದ ಮಾತು ತುಮಕೂರಿಗೆ ಬಂದು ಹೋಗುತ್ತಿದೆ. ಅವರಿಗೇ ಹೇಳು. ಹೇಳಿದರೆ ಬಿಟ್ಟು ಹೋಗುತ್ತಾರೇನೋ ಅನ್ನುವ ಭಯ ನಿನಗಿದೆ. ಹೋಗಲೂಬಹುದು. ಆದರೂ ಹೇಳು.

ಬೈದು ಬರೆದಿದ್ದೇನೆ. ತಪ್ಪಿನಲ್ಲಿ ನನ್ನ ಪಾಲು ಇದೆ ಅನ್ನುವುದು ಮರೆತಿಲ್ಲ. ಈ ವಾರ ಮಿಷನ್ನು ಹಾಕಿಕೊಂಡು ಕೂತಿದ್ದೆ. ಫ್ಯಾನಿನ ಸದ್ದೇ ಎಲ್ಲಕ್ಕಿಂತ ಜೋರು. ಸಹಿಸಿಕೊಳ್ಳಬೇಕಂತೆ.

ವಾದಿರಾಜ

*

ಸಿ.ಎಸ್. ಪುರ
21-10-2024

ಮೇಷ್ಟ್ರಿಗೆ ಮಂಜುಶ್ರೀ ಮಾಡುವ ನಮಸ್ಕಾರಗಳು.

ಊರಿನ ಹೆಸರು ನೋಡಿ ಎಚ್.ಎಂ. ಆದೆ ಅಂದ್ಕೋಬೇಡಿ. ಆ ಕುರ್ಚಿಗೆ ಆಗಸ್ಟ್‌ನಲ್ಲೇ ಗುಬ್ಬಿಯವರೊಬ್ಬರು ಬಂದಾಗಿತ್ತು. ಒಳ್ಳೆಯವರೇ. ಅವರನ್ನು ಎಬ್ಬಿಸಿ ನನ್ನನ್ನು ಕೂರಿಸಿ ಅಂತ ಹೇಗೆ ಕೇಳಲಿ?

ನಮ್ಮ ಯಜಮಾನ್ರು ಟ್ರಸ್ಟ್ ಆಫೀಸಿಗೆ ಹೋಗಿದ್ರು. ನಾನೂ ಜೊತೆಗಿದ್ದೆ. ಅಧ್ಯಕ್ಷರ ಮುಂದೆ ನಿಂತು, 'ಸಹಿ ನಂದು ಸಾರ್, ಇವರಿಗೆ ಗೊತ್ತಿರಲಿಲ್ಲ' ಅಂದ್ರು. ಅಧ್ಯಕ್ಷರು ಕಾಲು ಗಂಟೆ ಬೈದ್ರು. ಸಿದ್ದಗಂಗಯ್ಯನವರೂ ಇನ್ನಿಬ್ಬರೂ ಬಾಗಿಲಲ್ಲಿ ನಿಂತು ಕೇಳ್ತಾ ಇದ್ರು. ಇವರು ತಲೆ ಎತ್ತಲಿಲ್ಲ, ಆದ್ರೆ ಅಲ್ಲಿಂದ ಓಡಿಯೂ ಹೋಗಲಿಲ್ಲ. ಕೊನೆಗೆ ಅಧ್ಯಕ್ಷರು ನನ್ನನ್ನು ನೋಡಿ, 'ಈಗ ಟೀಚರ್ ಪೋಸ್ಟ್ ಮಾತ್ರ ಖಾಲಿ ಇದೆ, ಹೋಗ್ತೀರಾ? ಎಚ್.ಎಂ. ಮುಂದೆ ನೋಡೋಣ, ಭರವಸೆ ಕೊಡಲ್ಲ' ಅಂದ್ರು. ಹೋಗ್ತೀನಿ ಅಂದೆ. ಇವರ ಮುಖ ನೋಡಲಿಲ್ಲ.

ಯಾಕೆ ಒಪ್ಪಿಕೊಂಡೆ ಅಂದ್ರೆ, ಅದಕ್ಕೆ ಎರಡು ದಿನ ಮುಂಚೆ ಇವರು ಆ ಸಮಾಧಾನದ ಮಾತು ನನಗೆ ಹೇಳಿದ್ರು. ಅಡುಗೆಮನೆ ಹೊಸಿಲಲ್ಲಿ ಕೂತ್ಕೊಂಡು ಹೇಳಿದ್ರು. ನಾನು ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ಕ್ಯಾನ್ಸರ್ ಅಂತ ತಪ್ಪು ತಿಳ್ಕೊಂಡಿದ್ದನ್ನ ಯಾವತ್ತೋ ಕ್ಷಮಿಸಿದೀನಿ. ಅದರಲ್ಲಿ ಭಯ ಇತ್ತು, ಪ್ರೀತಿಯೂ ಇತ್ತು. ಇದನ್ನು ಇನ್ನೂ ಕ್ಷಮಿಸಿಲ್ಲ. ಆದ್ರೆ ಹೇಳದೇ ಇದ್ದಿದ್ರೆ ಒಂದೇ ಮನೆಯಲ್ಲಿ ಇದ್ದುಕೊಂಡು ಜೀವಮಾನವಿಡೀ ಅನುಮಾನಪಡ್ತಾ ಇರ್ತಿದ್ದೆ.

ಇಲ್ಲಿ ಶಾಲೆ ಹಿಂದೆ ಒಂದು ರೂಮು ಮಾಡ್ಕೊಂಡಿದೀನಿ. ಅತ್ತೆ ಮಾರ್ಕೋನಹಳ್ಳಿಗೆ ವಾಪಸ್ ಹೋದ್ರು. ಇವರು ಕುಣಿಗಲ್‌ನಲ್ಲಿ ಬಸ್ ಬದಲಾಯಿಸಿ ಭಾನುವಾರ ಬರ್ತಾರೆ. ಮೊದಲನೇ ಭಾನುವಾರ ಬಂದು, ಹಣ್ಣಿನ ಚೀಲ ಇಟ್ಟು, ಏನೂ ಮಾತಾಡದೆ ಎರಡು ಗಂಟೆ ಕೂತು ಹೋದ್ರು. ಎರಡನೇ ಭಾನುವಾರವೂ ಹಂಗೇ.

ನಿನ್ನೆ ಊಟ ಆದಮೇಲೆ ತಟ್ಟೆ ತೊಳೆದಿಟ್ಟು ಬಂದು ಕೇಳಿದ್ರು.

'ಮಂಜು, ಮಾರ್ಚ್ ಆದಮೇಲೆ ಮನೆಗೆ ಬರ್ತೀಯಾ, ಇಲ್ಲೇ ಇರ್ತೀಯಾ?'

'ನನಗೇ ಗೊತ್ತಿಲ್ಲ' ಅಂದೆ.

'ಗೊತ್ತಾದಾಗ ಹೇಳ್ತೀಯಾ?'

'ಹೇಳ್ತೀನಿ.'

'ಕುತ್ತಿಗೆ ತೋರಿಸೋಕೆ ಡಿಸೆಂಬರ್‌ನಲ್ಲಿ ಹೋಗಬೇಕಲ್ಲ. ನಾನು ಬರಲಾ?'

'ಬನ್ನಿ. ಆದ್ರೆ ಡಾಕ್ಟರ್ ಹತ್ರ ನಾನು ಮಾತಾಡ್ತೀನಿ' ಅಂದೆ. ಸರಿ ಅಂದ್ರು.

ಮೇಷ್ಟ್ರೇ, ನೀವು ಇವರಿಗೆ ಬರೆಯೋದು ನಿಲ್ಲಿಸಬೇಡಿ. ಬೈಸಿಕೊಳ್ಳೋಕೆ ಅವರಿಗೂ ಒಬ್ಬರು ಬೇಕು. ನನ್ನ ವಿಷಯ ಮಾತ್ರ ನಿಮ್ಮನ್ನು ಕೇಳಿದ್ರೆ, ಅವಳನ್ನೇ ಕೇಳು ಅಂತ ಹೇಳಿ.

ಸಂಜೆ ಐದೂವರೆ ಬಸ್ಸಿಗೆ ಬಿಡೋಕೆ ಸ್ಟಾಪಿನವರೆಗೂ ಹೋಗಿದ್ದೆ. ಬಸ್ ಬರುವಾಗ, 'ಮುಂದಿನ ವಾರ ಬರೋದಾದ್ರೆ ಬೀರುವಿನಲ್ಲಿರೋ ನನ್ನ ಸ್ವೆಟರ್ ತನ್ನಿ, ಇಲ್ಲಿ ಬೆಳಗ್ಗೆ ಚಳಿ ಶುರುವಾಗಿದೆ' ಅಂದೆ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟವರು ನಿಂತು, ಎರಡು ಸ್ವೆಟರ್ ಇದೆಯಲ್ಲ, ಯಾವುದು ಅಂತ ಕೇಳಿದ್ರು. ಕಂಡಕ್ಟರ್ ಬೈತಾ ಇದ್ದ. ಇವರು ಹತ್ತಲಿಲ್ಲ, ನಾನು ಹೇಳೋವರೆಗೂ ನಿಂತಿದ್ರು.

ನೀಲಿದು ಅಂದೆ.

ಮಂಜುಶ್ರೀ